ಕಡಲಿನ ಮುನ್ಸೂಚನೆ: ಮೀನು ಎಲ್ಲಿದೆ, ಬಲೆ ಎಲ್ಲಿ ಬೇಡ

ಸಮುದ್ರದ ಮೇಲ್ಮೈಯ ಸುಮಾರು ಮೂರು ಮೀಟರ್ ಆಳದ ನೀರಿಗೆ ಇಡೀ ವಾಯುಮಂಡಲಕ್ಕಿರುವಷ್ಟೇ ಶಾಖವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಇದೆ. ಗಾಳಿ ಬೆಳಿಗ್ಗೆ ಒಂದು ದಿಕ್ಕು, ಸಂಜೆ ಇನ್ನೊಂದು ದಿಕ್ಕು ಹಿಡಿಯಬಹುದು. ಒಮ್ಮೆ ಬಿಸಿಯಾದ ಕಡಲು ಮಾತ್ರ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬಿಸಿಯಾಗಿಯೇ ಉಳಿಯುತ್ತದೆ. ಮಳೆಯ ಮುನ್ಸೂಚನೆ ಹತ್ತು ದಿನ ದಾಟಿದರೆ ಮಸುಕಾಗುತ್ತದೆ. ಕಡಲಿನ ಉಷ್ಣತೆಯ ಬಗ್ಗೆ ಎರಡು ಮೂರು ತಿಂಗಳು ಮುಂಚಿತವಾಗಿಯೇ ಉಪಯೋಗಕ್ಕೆ ಬರುವ ಅಂದಾಜು ಸಿಗುವುದು ಈ ನಿಧಾನಗತಿಯಿಂದಾಗಿ.

ಅಂದಾಜು ಮಾಡಲು ಮೊದಲು ಇವತ್ತಿನ ಕಡಲು ಹೇಗಿದೆ ಎಂಬುದು ಗೊತ್ತಿರಬೇಕು. ಉಪಗ್ರಹಗಳು ನೀರಿನ ಮೇಲ್ಮೈಯ ಉಷ್ಣತೆಯನ್ನೂ ಬಣ್ಣವನ್ನೂ ಅಳೆಯುತ್ತವೆ. ಹಸಿರು ಹೆಚ್ಚಿದ್ದಲ್ಲಿ ಸೂಕ್ಷ್ಮ ಸಸ್ಯಗಳು, ಅಂದರೆ ಇಡೀ ಕಡಲಿನ ಆಹಾರದ ಬುಡ, ದಟ್ಟವಾಗಿವೆ ಎಂದರ್ಥ. ಭಾರತದ ಓಷನ್‌ಸ್ಯಾಟ್ ಉಪಗ್ರಹಗಳು ಈ ಕೆಲಸವನ್ನು 1999ರಿಂದ ಮಾಡುತ್ತ ಬಂದಿವೆ. ಆದರೆ ಉಪಗ್ರಹದ ಕಣ್ಣು ಆಳಕ್ಕೆ ಇಳಿಯದು. ಆ ಕೊರತೆಯನ್ನು ತುಂಬುವುದು ಆರ್ಗೋ ಎಂಬ ತೇಲು ಯಂತ್ರಗಳ ಜಾಲ. ಜಗತ್ತಿನ ಸಾಗರಗಳಲ್ಲಿ ಇಂಥ ಸುಮಾರು 4,000 ಯಂತ್ರಗಳಿವೆ. ಪ್ರತಿಯೊಂದೂ ಹತ್ತು ದಿನಕ್ಕೊಮ್ಮೆ 2,000 ಮೀಟರ್ ಆಳದಿಂದ ಮೇಲೇರುತ್ತ ಉಷ್ಣತೆಯನ್ನೂ ಉಪ್ಪಿನಂಶವನ್ನೂ ಅಳೆದು, ಮೇಲೆ ಬಂದೊಡನೆ ಲೆಕ್ಕವನ್ನು ಉಪಗ್ರಹಕ್ಕೆ ಕಳಿಸಿ ಮತ್ತೆ ಮುಳುಗುತ್ತದೆ.

ಈ ಅಳತೆಗಳನ್ನು ಕಂಪ್ಯೂಟರ್ ಮಾದರಿಗೆ ಊಡಿಸಿದಾಗ ನಾಳೆಯ ಪ್ರವಾಹ, ಉಷ್ಣತೆ, ಉಪ್ಪಿನಂಶಗಳ ಲೆಕ್ಕ ಹೊರಬರುತ್ತದೆ. ಅಲ್ಲಿಯವರೆಗೆ ಅದು ಭೌತಶಾಸ್ತ್ರ. ಮುಂದಿನ ಹೆಜ್ಜೆ ಕಷ್ಟದ್ದು: ಇಂಥ ನೀರಿನಲ್ಲಿ ಯಾವ ಜೀವಿ ಇರುತ್ತದೆ, ಏನು ಮಾಡುತ್ತದೆ ಎಂದು ಊಹಿಸಬೇಕು. ಆಮೆಗೆ, ತಿಮಿಂಗಿಲಕ್ಕೆ ಉಪಗ್ರಹದ ಗುರುತುಪಟ್ಟಿ ಕಟ್ಟಿ ವರ್ಷಗಟ್ಟಲೆ ಸಂಗ್ರಹಿಸಿದ ಜಾಡು, ಬೋಟುಗಳು ಹಿಡಿದ ಮೀನಿನ ದಾಖಲೆ, ಪ್ರಯೋಗಾಲಯದಲ್ಲಿ ಕಂಡ ಸಹನೆಯ ಮಿತಿ, ಇವೆಲ್ಲ ಇಲ್ಲಿ ಬಳಕೆಯಾಗುತ್ತವೆ. ಜೀವಿಯ ಇರುವಿಕೆಗೂ ನೀರಿನ ಗುಣಕ್ಕೂ ಇರುವ ಸಂಬಂಧವನ್ನು ಹುಡುಕುವ ಕೆಲಸವನ್ನು ಈಗ ಬಹುಪಾಲು ಯಂತ್ರಕಲಿಕೆಯ ವಿಧಾನಗಳೇ ಮಾಡುತ್ತವೆ. ಕೊನೆಯ ಹೆಜ್ಜೆಯೇ ಎಲ್ಲಕ್ಕಿಂತ ಮುಖ್ಯ: ಆ ಊಹೆಯನ್ನು ಹಿಡಿದು ಯಾರು, ಯಾವ ನಿರ್ಧಾರ ತೆಗೆದುಕೊಳ್ಳುತ್ತಾರೆ? ಒಂದೇ ನಕ್ಷೆ ಮೀನನ್ನು ಉಳಿಸಲೂಬಹುದು, ಬೇಗ ಮುಗಿಸಲೂಬಹುದು.

ಭಾರತದ ಕರಾವಳಿಗೆ ಚಿರಪರಿಚಿತವಾದ ಕಡಲ ಮುನ್ಸೂಚನೆ ಎಂದರೆ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಹೊರಡಿಸುವ ಮೀನು ಸಿಗಬಹುದಾದ ವಲಯಗಳ ಸೂಚನೆ. ತಣ್ಣನೆಯ ನೀರೂ ಬೆಚ್ಚನೆಯ ನೀರೂ ಸಂಧಿಸುವ ಗೆರೆಯಲ್ಲಿ ಪೋಷಕಾಂಶ ಸೇರುತ್ತದೆ, ಸೂಕ್ಷ್ಮ ಸಸ್ಯಗಳು ಬೆಳೆಯುತ್ತವೆ, ಅವನ್ನು ತಿನ್ನುವ ಸಣ್ಣ ಜೀವಿಗಳು ಬರುತ್ತವೆ, ಅವುಗಳ ಬೆನ್ನಿಗೆ ಬಂಗುಡೆ, ಬೂತಾಯಿ, ಕೇದರದಂಥ ಮೀನುಗಳು ಬರುತ್ತವೆ. ಉಪಗ್ರಹದ ಚಿತ್ರದಲ್ಲಿ ಉಷ್ಣತೆ ಮತ್ತು ಹಸಿರು ಎರಡೂ ಥಟ್ಟನೆ ಬದಲಾಗುವ ಗೆರೆಯನ್ನು ಗುರುತಿಸಿದರೆ ಮೀನಿನ ಜಾಡು ಸಿಕ್ಕಂತೆಯೇ. ಆ ಗೆರೆ ಯಾವ ಬಂದರಿನಿಂದ ಯಾವ ದಿಕ್ಕಿಗೆ, ಎಷ್ಟು ದೂರದಲ್ಲಿ, ಎಷ್ಟು ಆಳದ ನೀರಿನಲ್ಲಿದೆ ಎಂಬುದನ್ನು ಕನ್ನಡವೂ ಸೇರಿದಂತೆ ಕರಾವಳಿಯ ಭಾಷೆಗಳಲ್ಲಿ ಮೊಬೈಲ್‌ಗೆ, ಬಂದರಿನ ಫಲಕಗಳಿಗೆ ಕಳಿಸಲಾಗುತ್ತದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ನಿಷೇಧವಿರುವಾಗ ಸೂಚನೆಯೂ ನಿಲ್ಲುತ್ತದೆ. ಕಡಲು ಕೆರಳಿದ್ದಾಗಲೂ ಅಷ್ಟೇ.

ಇದರಿಂದ ಡೀಸೆಲ್ ಉಳಿಯುತ್ತದೆ, ಸುಮ್ಮನೆ ಅಲೆಯುವುದು ತಪ್ಪುತ್ತದೆ. ಮಲ್ಪೆಯಿಂದಲೋ ಮಂಗಳೂರಿನಿಂದಲೋ ಹೊರಟ ಬೋಟಿಗೆ ಅದು ಸಣ್ಣ ಲಾಭವಲ್ಲ. ಆದರೆ ಈ ಸೇವೆಯ ಒಂದು ಮಿತಿಯನ್ನು ಮರೆಮಾಚಬಾರದು. ಅದು ಮೀನು ಎಲ್ಲಿದೆ ಎಂದು ಹೇಳುತ್ತದೆ, ಎಷ್ಟು ಉಳಿದಿದೆ ಎಂದು ಹೇಳುವುದಿಲ್ಲ. ಬೂತಾಯಿಯ ಕತೆ ಇದಕ್ಕೆ ಸಾಕ್ಷಿ. ಕುಂದಾಪುರದ ಕಡೆ ಬೈಗೆ, ಕಾರವಾರದಲ್ಲಿ ತಾರ್ಲೆ ಎನಿಸಿಕೊಳ್ಳುವ ಈ ಮೀನು ಕೇರಳ, ಕರ್ನಾಟಕ ಕರಾವಳಿಯ ಬಡವರ ಊಟ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಲೆಕ್ಕದಂತೆ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು ಸುಮಾರು 3,300 ಟನ್. ಮುಂಗಾರಿನಲ್ಲಿ ಆಳದ ತಣ್ಣೀರು ಮೇಲೇರುವ ಪ್ರಮಾಣ, ಎಲ್ ನಿನೊ ವರ್ಷಗಳ ಬಿಸಿ, ಮಳೆಯ ಹಂಚಿಕೆ, ಇವೆಲ್ಲ ಈ ಮೀನಿನ ಸಂತತಿಯನ್ನು ಏರಿಳಿಸುತ್ತವೆ. ಸಂತತಿ ತಾನಾಗಿಯೇ ಕುಸಿಯುವ ವರ್ಷ ಮೊಟ್ಟೆಯಿಡುವ ಮೀನನ್ನೂ ಮರಿಯನ್ನೂ ಬಲೆ ಬಳಿದುಕೊಂಡರೆ ಮತ್ತೆ ಚೇತರಿಸಿಕೊಳ್ಳಲು ಬಹಳ ಕಾಲ ಬೇಕು. ಕಡಲು ಬಿಸಿಯಾಗುವುದನ್ನು ತಿಂಗಳುಗಳ ಮುಂಚೆ ಹೇಳಬಲ್ಲ ವಿಜ್ಞಾನ, ಈ ವರ್ಷ ಇಷ್ಟೇ ಹಿಡಿಯಿರಿ ಎಂಬ ಮಾತಿಗೂ ಆಧಾರವಾಗಬೇಕು. ಭಾರತದಲ್ಲಿ ಆ ಎರಡನೆಯ ಅರ್ಧ ಇನ್ನೂ ಕಟ್ಟಬೇಕಾಗಿದೆ.

ಎರಡನೆಯ ಅರ್ಧ ಹೇಗಿರಬಹುದು ಎಂಬುದಕ್ಕೆ ಪೆಸಿಫಿಕ್ ಸಾಗರದಲ್ಲಿ ಉದಾಹರಣೆಗಳಿವೆ. ಹವಾಯಿ ದ್ವೀಪಗಳಿಂದ ಹೊರಡುವ ಉದ್ದಗಾಳದ ಹಡಗುಗಳು ಕತ್ತಿಮೀನು ಹಿಡಿಯುತ್ತವೆ. ಅದೇ ಗಾಳಕ್ಕೆ ಲಾಗರ್‌ಹೆಡ್ ಎಂಬ ಕಡಲಾಮೆಯೂ ಸಿಕ್ಕಿಕೊಳ್ಳುತ್ತದೆ. ವರ್ಷಕ್ಕೆ 17 ಆಮೆ ಸಿಕ್ಕಿಕೊಂಡೊಡನೆ ಆ ಮೀನುಗಾರಿಕೆಯನ್ನೇ ಮುಚ್ಚಬೇಕು ಎಂಬುದು ಅಲ್ಲಿದ್ದ ನಿಯಮ. 2006ರಲ್ಲಿ ಮಾರ್ಚ್ ತಿಂಗಳಲ್ಲೇ ಆ ಮಿತಿ ಮುಗಿದು ವರ್ಷದ ದುಡಿಮೆ ನಿಂತುಹೋಯಿತು. ಉಪಗ್ರಹದ ಗುರುತುಪಟ್ಟಿ ಕಟ್ಟಿದ ಆಮೆಗಳ ಜಾಡು ನೋಡಿದಾಗ ಅವು ಸುಮಾರು 17.5ರಿಂದ 18.5 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರಿನ ಪಟ್ಟಿಯಲ್ಲೇ ಹೆಚ್ಚಾಗಿ ಓಡಾಡುವುದು ಕಂಡಿತು. ಅಮೆರಿಕದ ಸಾಗರ ಸಂಸ್ಥೆ ನೋವಾ ಆ ಪಟ್ಟಿಯನ್ನು ನಕ್ಷೆಯಲ್ಲಿ ಗುರುತಿಸಿ ಹಡಗುಗಳಿಗೆ ಕಳಿಸತೊಡಗಿತು. ಟರ್ಟಲ್‌ವಾಚ್ ಎಂದು ಅದರ ಹೆಸರು. ಈ ಸಲಹೆಯನ್ನು ಪಾಲಿಸಲೇಬೇಕೆಂದಿರಲಿಲ್ಲ. ಆದರೂ ಆಮೆಯ ಮಿತಿ ಬೇಗ ಮುಗಿದರೆ ನಷ್ಟ ತಮ್ಮದೇ ಎಂಬುದು ಹಡಗಿನವರಿಗೆ ಗೊತ್ತಿತ್ತು.

ಕ್ಯಾಲಿಫೋರ್ನಿಯಾದಲ್ಲಿ ಈ ಆಲೋಚನೆ ಇನ್ನೂ ಮುಂದೆ ಹೋಗಿದೆ. ಅಲ್ಲಿ ತೇಲುಬಲೆಗೆ ಲೆದರ್‌ಬ್ಯಾಕ್ ಆಮೆ ಸಿಕ್ಕಿ ಸಾಯುವುದನ್ನು ತಡೆಯಲು 2001ರಲ್ಲಿ ಸುಮಾರು 5.5 ಲಕ್ಷ ಚದರ ಕಿಲೋಮೀಟರ್ ಕಡಲನ್ನು ಪ್ರತಿವರ್ಷ ಆಗಸ್ಟ್ 15ರಿಂದ ನವೆಂಬರ್ 15ರವರೆಗೆ ಆ ಬಲೆಗೆ ಮುಚ್ಚಲಾಯಿತು. ಕರ್ನಾಟಕದ ಎರಡೂವರೆ ಪಟ್ಟಿಗಿಂತ ದೊಡ್ಡ ಜಾಗ ಅದು. ಆಮೆಯೋ ನಕ್ಷೆಯ ಗಡಿ ನೋಡಿ ಈಜುವುದಿಲ್ಲ. ಒಂದು ವರ್ಷ ಆ ಚೌಕದೊಳಗೆ ಆಮೆಯೇ ಇರುವುದಿಲ್ಲ, ಇನ್ನೊಂದು ವರ್ಷ ಚೌಕದ ಹೊರಗಿರುತ್ತದೆ. ಇಕೋಕಾಸ್ಟ್ ಎಂಬ ವ್ಯವಸ್ಥೆ ಕತ್ತಿಮೀನು, ಲೆದರ್‌ಬ್ಯಾಕ್ ಆಮೆ, ನೀಲಿ ತಾಟೆ, ಕಡಲಸಿಂಹ ಇವು ಪ್ರತಿಯೊಂದೂ ಇಂದು ಎಲ್ಲಿರುವ ಸಂಭವವಿದೆ ಎಂದು ಲೆಕ್ಕಹಾಕಿ, ಕತ್ತಿಮೀನು ಹೆಚ್ಚಿದ್ದು ಉಳಿದವು ಕಡಿಮೆ ಇರುವ ಜಾಗವನ್ನು ದಿನದಿನವೂ ತೋರಿಸುತ್ತದೆ. 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹೀಗೆ ದಿನಕ್ಕೆ ತಕ್ಕಂತೆ ಸರಿಯುವ ನಿಷೇಧ ವಲಯವು ಹಳೆಯ ವಲಯಕ್ಕಿಂತ ಎರಡರಿಂದ ಹತ್ತು ಪಟ್ಟು ಚಿಕ್ಕದಿದ್ದರೂ ಪ್ರಾಣಿಗಳಿಗೆ ಸಾಕಷ್ಟು ರಕ್ಷಣೆ ಕೊಡಬಲ್ಲದು. ಮೀನುಗಾರನಿಗೂ ಆಮೆಗೂ ಒಟ್ಟಿಗೆ ಒಳಿತಾಗುವ ದಾರಿಗಳು ಕಡಲಿನಲ್ಲಿ ಅಪರೂಪ. ಇದು ಅಂಥದ್ದೊಂದು.

ಒಡಿಶಾದಲ್ಲಿ ಆಲಿವ್ ರಿಡ್ಲಿ ಆಮೆಗಳಿಗಾಗಿ ಧಾಮ್ರಾ, ದೇವಿ, ಋಷಿಕುಲ್ಯಾ ನದೀಮುಖಗಳ ಬಳಿ ನವೆಂಬರ್ 1ರಿಂದ ಮೇ 31ರವರೆಗೆ ಏಳು ತಿಂಗಳು ಮೀನುಗಾರಿಕೆ ನಿಲ್ಲುತ್ತದೆ. ಅದೂ ಕದಲದ ಗಡಿಯೇ. ಸಾವಿರಾರು ಕುಟುಂಬಗಳ ದುಡಿಮೆ ಅದಕ್ಕೆ ಅಂಟಿಕೊಂಡಿರುವುದರಿಂದ, ಆಮೆಗಳು ನಿಜಕ್ಕೂ ಎಲ್ಲಿ ಸೇರುತ್ತವೆ ಎಂಬ ದೈನಿಕ ಅಂದಾಜಿನಿಂದ ಹೆಚ್ಚು ಉಪಕಾರ ಆಗಬಹುದಾದ ಜಾಗಗಳಲ್ಲಿ ಅದೂ ಒಂದು.

ಹವಳದ ದಿಬ್ಬಗಳ ವಿಷಯದಲ್ಲಿ ಲೆಕ್ಕ ಸರಳ, ಮದ್ದು ಕಡಿಮೆ. ಬೇಸಿಗೆಯ ಅತಿ ಬಿಸಿ ತಿಂಗಳ ಸರಾಸರಿಗಿಂತ ಒಂದು ಡಿಗ್ರಿ ಹೆಚ್ಚಾದ ಶಾಖ ಎಷ್ಟು ವಾರ ನಿಂತಿತು ಎಂಬುದನ್ನು ಕೂಡುತ್ತ ಹೋಗುತ್ತಾರೆ. ಕೂಡಿದ ಮೊತ್ತ 4 ಡಿಗ್ರಿ-ವಾರ ಮುಟ್ಟಿದರೆ ಹವಳ ಬಿಳಚಿಕೊಳ್ಳುವ, 8 ಮುಟ್ಟಿದರೆ ಸಾಯುವ ಅಪಾಯ. ಇನ್‌ಕಾಯ್ಸ್ ಕೂಡ ಲಕ್ಷದ್ವೀಪ, ಅಂಡಮಾನ್, ಕಛ್, ಮನ್ನಾರ್ ಕೊಲ್ಲಿಯ ಹವಳಗಳಿಗೆ ಇಂಥ ಎಚ್ಚರಿಕೆ ಕೊಡುತ್ತದೆ. ಎಚ್ಚರಿಕೆ ಬಂದಾಗ ಕಡಲನ್ನು ತಂಪು ಮಾಡಲಾಗದು. ಮುಳುಗು ಪ್ರವಾಸಿಗರನ್ನು ತಡೆಯಬಹುದು; 2010ರ ಬಿಳಚಿಕೆಯ ನಂತರ ಥಾಯ್ಲೆಂಡ್ ಹಾಗೆ ಮಾಡಿತು. 2023ರ ಬೇಸಿಗೆಯಲ್ಲಿ ಫ್ಲಾರಿಡಾದವರು ಕಡಲಿನ ಸಸಿಮಡಿಗಳಲ್ಲಿ ಬೆಳೆಸಿದ್ದ ಹವಳದ ತುಂಡುಗಳನ್ನು ಕಿತ್ತು ದಡದ ತೊಟ್ಟಿಗಳಿಗೆ ಸಾಗಿಸಿ ತಳಿಗಳನ್ನು ಉಳಿಸಿಕೊಂಡರು.

ಸಾಕಣೆಯ ಮೀನಿಗೆ ಮುನ್ಸೂಚನೆ ಇನ್ನೂ ಹೆಚ್ಚು ಬೇಕು. ಕಡಲಿನ ಮೀನು ಕೆಟ್ಟ ನೀರಿನಿಂದ ದೂರ ಈಜಬಲ್ಲದು, ಪಂಜರದ ಮೀನು ಈಜಲಾರದು. 2016ರ ಆರಂಭದಲ್ಲಿ ಚಿಲಿ ದೇಶದ ದಕ್ಷಿಣದ ಕಡಲಗಾಲುವೆಗಳಲ್ಲಿ ವಿಷಕಾರಿ ಸೂಕ್ಷ್ಮಪಾಚಿ ಉಕ್ಕಿ ಸುಮಾರು 39,000 ಟನ್ ಸಾಲ್ಮನ್ ಮೀನು ಕೆಲವೇ ವಾರಗಳಲ್ಲಿ ಸತ್ತುಹೋಯಿತು. ಅದು ಬಲವಾದ ಎಲ್ ನಿನೊ ವರ್ಷ. ಮಳೆ ಕಡಿಮೆಯಾಗಿ ನದಿಗಳಿಂದ ಬರುವ ಸಿಹಿನೀರು ಇಳಿದು, ಕಡಲಿನ ನೀರು ಒಳಕಾಲುವೆಗಳಲ್ಲಿ ಹೆಚ್ಚಾದದ್ದು ಪಾಚಿಗೆ ಅನುಕೂಲವಾಯಿತು. ಸತ್ತ ಮೀನಿನ ಒಂದು ಭಾಗವನ್ನು ಕಡಲಿಗೇ ಸುರಿದದ್ದು ಚಿಲೊಯೆ ದ್ವೀಪದ ಮೀನುಗಾರರನ್ನು ಬೀದಿಗೆ ಇಳಿಸಿತು. ಪಾಚಿಯ ಉಕ್ಕನ್ನು ನಿಲ್ಲಿಸುವ ಮದ್ದಿಲ್ಲ. ಆದರೆ ಒಂದು ವಾರದ ಎಚ್ಚರಿಕೆ ಸಿಕ್ಕರೆ ಮೇವು ನಿಲ್ಲಿಸಬಹುದು, ಬಲಿತ ಮೀನನ್ನು ಬೇಗ ಹಿಡಿಯಬಹುದು, ಪಂಜರವನ್ನು ಆಳಕ್ಕೆ ಇಳಿಸಬಹುದು ಅಥವಾ ಎಳೆದು ಬೇರೆಡೆ ಕಟ್ಟಬಹುದು. ಆಸ್ಟ್ರೇಲಿಯದ ಟಾಸ್ಮೇನಿಯಾದಲ್ಲಿ ಸಾಲ್ಮನ್ ಸಾಕುವವರಿಗೆ ತಿಂಗಳುಗಳ ಮುಂಚಿನ ಉಷ್ಣತೆಯ ಅಂದಾಜನ್ನೇ ಸಿದ್ಧಪಡಿಸಿಕೊಡಲಾಯಿತು. ತಣ್ಣೀರಿನ ಈ ಮೀನಿಗೆ ಅಲ್ಲಿನ ಬೇಸಿಗೆ ಸಹನೆಯ ಅಂಚಿನಲ್ಲಿದೆ.

ಮುನ್ಸೂಚನೆ ಒಂದು ಉದ್ಯಮವನ್ನೇ ಉಳಿಸಿದ ಕತೆ ಅಮೆರಿಕದ ಒರೆಗಾನ್ ಕರಾವಳಿಯದು. ಅಲ್ಲಿನ ನೆಟಾರ್ಟ್ಸ್ ಕೊಲ್ಲಿಯ ದಡದಲ್ಲಿ ವಿಸ್ಕಿ ಕ್ರೀಕ್ ಎಂಬ ಮರಿ ಉತ್ಪಾದನಾ ಕೇಂದ್ರವಿದೆ. ಪೆಸಿಫಿಕ್ ಕರಾವಳಿಯ ಎಷ್ಟೋ ಸಿಂಪಿ ಸಾಕಣೆಗಾರರು ಮರಿಗಾಗಿ ನೆಚ್ಚಿಕೊಂಡಿರುವುದು ಇದನ್ನೇ. 2007ರಿಂದ ಅಲ್ಲಿ ಸಿಂಪಿಮರಿಗಳು ತೊಟ್ಟಿಗಳಲ್ಲೇ ಸಾಯತೊಡಗಿದವು. ಮೊದಲು ಬ್ಯಾಕ್ಟೀರಿಯಾ ಮೇಲೆ ಅನುಮಾನ ಬಂತು. ನೀರನ್ನು ಶುದ್ಧೀಕರಿಸಿದರೂ ಸಾವು ನಿಲ್ಲಲಿಲ್ಲ. ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ವಿಜ್ಞಾನಿಗಳು, ಅದರಲ್ಲೂ ಬರ್ಕ್ ಹೇಲ್ಸ್, ನೀರಿನ ರಸಾಯನವನ್ನು ನಿರಂತರ ಅಳೆದಾಗ ಕಾರಣ ಬಯಲಾಯಿತು. ಉತ್ತರದ ಗಾಳಿ ಬಲವಾಗಿ ಬೀಸಿದಾಗ ದಡದ ಮೇಲ್ನೀರು ಹೊರಗೆ ಸರಿದು ಆಳದ ನೀರು ಮೇಲೆ ಬರುತ್ತದೆ. ಆ ನೀರು ಗಾಳಿಯ ಸಂಪರ್ಕ ಬಿಟ್ಟು ದಶಕಗಳೇ ಕಳೆದಿರುತ್ತವೆ, ಅದರಲ್ಲಿ ಇಂಗಾಲಾಮ್ಲ ತುಂಬಿರುತ್ತದೆ. ಮನುಷ್ಯರು ಗಾಳಿಗೆ ಬಿಟ್ಟ ಇಂಗಾಲವೂ ಅದಕ್ಕೆ ಸೇರಿ ನೀರು ಇನ್ನಷ್ಟು ಆಮ್ಲವಾಗಿದೆ. ಹುಟ್ಟಿದ ಮೊದಲ ಎರಡು ದಿನದಲ್ಲಿ ಸಿಂಪಿಮರಿ ತನ್ನಲ್ಲಿರುವ ಅಷ್ಟಿಷ್ಟು ಶಕ್ತಿಯನ್ನೆಲ್ಲ ಚಿಪ್ಪು ಕಟ್ಟಲು ಸುರಿಯುತ್ತದೆ. ಆ ಎರಡು ದಿನ ನೀರು ಆಮ್ಲವಾಗಿದ್ದರೆ ಚಿಪ್ಪು ಕಟ್ಟುವುದರಲ್ಲೇ ಶಕ್ತಿ ಮುಗಿದು ಮರಿ ಸಾಯುತ್ತದೆ.

ಕಾರಣ ಗೊತ್ತಾದ ಮೇಲೆ ದಾರಿಯೂ ಸಿಕ್ಕಿತು. ಉತ್ತರದ ಗಾಳಿಯ ಮುನ್ಸೂಚನೆ ಇದ್ದರೆ ಕೆಟ್ಟ ನೀರು ಬರಲಿದೆ ಎಂದು ಮೊದಲೇ ತಿಳಿಯುತ್ತದೆ. ಕೊಲ್ಲಿಯ ಕಡಲಹುಲ್ಲು ಹಗಲಿಡೀ ಇಂಗಾಲಾಮ್ಲ ಹೀರಿಕೊಳ್ಳುವುದರಿಂದ ಸಂಜೆಯ ಹೊತ್ತಿಗೆ ನೀರು ಸುಧಾರಿಸಿರುತ್ತದೆ. ಬೆಳಗಿನ ಬದಲು ಆಗ ನೀರು ತುಂಬಿಕೊಂಡರೆ ಆಯಿತು. ಅಷ್ಟಕ್ಕೂ ಸಾಲದಿದ್ದರೆ ತೊಟ್ಟಿಗೆ ತೊಳೆಯುವ ಸೋಡಾ ಬೆರೆಸಿ ಆಮ್ಲವನ್ನು ತಗ್ಗಿಸಬಹುದು. ಮರಿಗಳು ಮತ್ತೆ ಬದುಕತೊಡಗಿದವು. ಈಗ ವಾಷಿಂಗ್ಟನ್ ವಿಶ್ವವಿದ್ಯಾಲಯದ ಲೈವ್‌ಓಷನ್ ಮಾದರಿ ಆ ಕರಾವಳಿಯ ಉಷ್ಣತೆ, ಆಮ್ಲಜನಕ, ಆಮ್ಲೀಯತೆಗಳನ್ನು ಮೂರು ದಿನ ಮುಂಚಿತವಾಗಿ ತೋರಿಸುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿ ಎಂದರೆ, ಕೇಂದ್ರವನ್ನು ಕಾಪಾಡಿದ್ದು ಭಾರೀ ಯಂತ್ರವಲ್ಲ. ಯಾವ ಗಂಟೆಯಲ್ಲಿ ನಲ್ಲಿ ತಿರುಗಿಸಬೇಕು ಎಂಬ ತಿಳಿವು ಅದನ್ನು ಕಾಪಾಡಿತು.

ನಾರ್ವೆಯವರು ಮುನ್ಸೂಚನೆಯನ್ನು ಕಾನೂನಿನೊಳಗೇ ತಂದಿದ್ದಾರೆ. ಅಲ್ಲಿನ ಕಡಲಗಾಲುವೆಗಳಲ್ಲಿ ಪಂಜರದ ಸಾಲ್ಮನ್ ಮೈಮೇಲೆ ಕಡಲಹೇನು ಬೆಳೆಯುತ್ತದೆ. ಹೇನಿನ ಮರಿಗಳು ಪ್ರವಾಹದಲ್ಲಿ ಹತ್ತಾರು ಕಿಲೋಮೀಟರ್ ತೇಲಿ, ವಸಂತದಲ್ಲಿ ನದಿಯಿಂದ ಕಡಲಿಗೆ ಇಳಿಯುವ ಕಾಡು ಸಾಲ್ಮನ್‌ನ ಎಳೆಯ ಮರಿಗಳಿಗೆ ಅಂಟಿಕೊಳ್ಳುತ್ತವೆ. ಬೆರಳುದ್ದದ ಮರಿಗೆ ಕೆಲವೇ ಹೇನು ಸಾಕು, ಬದುಕುವುದಿಲ್ಲ. ಪ್ರತಿಯೊಂದು ಸಾಕಣೆ ಕೇಂದ್ರವೂ ವಾರಕ್ಕೊಮ್ಮೆ ಹೇನು ಎಣಿಸಿ ವರದಿ ಮಾಡಬೇಕು. ಮೀನಿಗೆ ಸರಾಸರಿ 0.5 ಬಲಿತ ಹೆಣ್ಣು ಹೇನು ಮೀರುವಂತಿಲ್ಲ. ಕಾಡು ಮರಿಗಳ ವಲಸೆಯ ವಾರಗಳಲ್ಲಿ ಮಿತಿ 0.2. ಈ ಎಣಿಕೆ, ನೀರಿನ ಉಷ್ಣತೆ ಮತ್ತು 800 ಮೀಟರ್ ಚೌಕಗಳಲ್ಲಿ ಇಡೀ ಕರಾವಳಿಯ ಪ್ರವಾಹವನ್ನು ಲೆಕ್ಕಹಾಕುವ ಮಾದರಿ, ಇವನ್ನು ಸೇರಿಸಿ ಹೇನಿನ ಮರಿಗಳು ಎಲ್ಲಿ, ಎಷ್ಟು ತೇಲಿಹೋಗುತ್ತವೆ ಎಂದು ನಾರ್ವೆಯ ಸಾಗರ ಸಂಶೋಧನಾ ಸಂಸ್ಥೆ ಅಂದಾಜು ಮಾಡುತ್ತದೆ.

2017ರಿಂದ ಕರಾವಳಿಯನ್ನು 13 ವಲಯಗಳಾಗಿ ಹಂಚಿ, ಪ್ರತಿ ವಲಯಕ್ಕೂ ಸಂಚಾರ ದೀಪದ ಬಣ್ಣ ಕೊಡುವ ಪದ್ಧತಿ ಜಾರಿಗೆ ಬಂತು. ಹೇನಿನಿಂದ ಸಾಯುವ ಕಾಡು ಮರಿಗಳು ನೂರಕ್ಕೆ ಹತ್ತಕ್ಕಿಂತ ಕಡಿಮೆ ಇದ್ದರೆ ಹಸಿರು, ಹತ್ತರಿಂದ ಮೂವತ್ತಿದ್ದರೆ ಹಳದಿ, ಮೂವತ್ತು ಮೀರಿದರೆ ಕೆಂಪು. ಹಸಿರು ವಲಯ ಉತ್ಪಾದನಾ ಸಾಮರ್ಥ್ಯವನ್ನು ಶೇಕಡಾ 6ರಷ್ಟು ಹೆಚ್ಚಿಸಿಕೊಳ್ಳಬಹುದು, ಹಳದಿ ಇದ್ದಲ್ಲೇ ಇರಬೇಕು, ಕೆಂಪು ಶೇಕಡಾ 6ರಷ್ಟು ಇಳಿಸಬೇಕು. 2020ರಲ್ಲಿ ಮೊದಲ ಬಾರಿಗೆ ಕೆಂಪು ವಲಯಗಳಲ್ಲಿ ಕಡಿತ ಆಯಿತು, ಕೆಲವು ಸಾಕಣೆಗಾರರು ನ್ಯಾಯಾಲಯಕ್ಕೂ ಹೋದರು. ಮಾದರಿಯ ಲೆಕ್ಕವನ್ನು ನಂಬಿ ಒಬ್ಬರ ವ್ಯಾಪಾರ ಇಳಿಸುವುದು ಸರಿಯೇ ಎಂಬ ಅವರ ಪ್ರಶ್ನೆ ಹುರುಳಿಲ್ಲದ್ದಲ್ಲ. ಅದಕ್ಕಾಗಿಯೇ ಆ ಲೆಕ್ಕ, ಅದರ ಅನಿಶ್ಚಿತತೆ ಎರಡೂ ಸಾರ್ವಜನಿಕವಾಗಿ ತೆರೆದಿರಬೇಕು. ಆದರೂ ಇಲ್ಲಿ ಮುನ್ಸೂಚನೆ ಲಾಭದ ದಾರಿಯನ್ನಷ್ಟೇ ತೋರಿಸದೆ ಕಡಿವಾಣವೂ ಆಗಿದೆ. ಆ ಗುಣವೇ ಇದನ್ನು ಉಳಿದ ಪ್ರಯತ್ನಗಳಿಂದ ಬೇರೆಯಾಗಿಸುತ್ತದೆ.

ಭಾರತದ ಸಾಕಣೆಯಲ್ಲಿ ಮುನ್ಸೂಚನೆಯ ಕೆಲಸ ಸದ್ಯಕ್ಕೆ ಸಿಗಡಿ ಹೊಂಡದ ದಂಡೆಯಲ್ಲಿ ನಡೆಯುತ್ತಿದೆ. ಹೊಂಡದ ಪಾಚಿ ಹಗಲು ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೂ ಉಸಿರಾಡುತ್ತದೆ. ಹಾಗಾಗಿ ಬೆಳಗಿನ ಜಾವ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ. ಮೋಡ ಕವಿದ ದಿನದ ಮರುನಸುಕು ಇನ್ನೂ ಅಪಾಯ. ನೀರಿನಲ್ಲಿಟ್ಟ ಸೆನ್ಸರ್ ಸಂಜೆಯ ಇಳಿತವನ್ನು ನೋಡಿ ನಸುಕಿನ ಮಟ್ಟವನ್ನು ಅಂದಾಜು ಮಾಡಿದರೆ ಏರೇಟರ್ ಸಕಾಲಕ್ಕೆ ಓಡುತ್ತದೆ, ಇಡೀ ರಾತ್ರಿ ವಿದ್ಯುತ್ ಸುಡುವುದೂ ತಪ್ಪುತ್ತದೆ. ಸಿಗಡಿ ಮೇವು ಕಡಿಯುವ ಸದ್ದನ್ನು ನೀರೊಳಗಿನ ಮೈಕ್‌ನಿಂದ ಕೇಳಿ ಹಸಿವಿನಷ್ಟೇ ಮೇವು ಹಾಕುವ ಯಂತ್ರಗಳೂ ಬಂದಿವೆ. ಉಳಿದ ಮೇವು ಹೊಂಡದ ತಳದಲ್ಲಿ ಕೊಳೆತು ಹೊಳೆಗೆ ಸೇರುವುದನ್ನು ಇದು ತಗ್ಗಿಸುತ್ತದೆ. ಕರ್ನಾಟಕದ ಹಿನ್ನೀರಿನಲ್ಲಿ ಪಂಜರ ಮೀನು ಕೃಷಿ ನಡೆಸುವವರಿಗೆ ಬೇಕಾದ ಮುನ್ಸೂಚನೆ ಬೇರೆಯದು: ಘಟ್ಟದಲ್ಲಿ ಭಾರೀ ಮಳೆಯಾದರೆ ಹಿನ್ನೀರಿನ ಉಪ್ಪು ಎಷ್ಟು ಬೇಗ ಇಳಿಯುತ್ತದೆ ಎಂಬುದು. ಮಳೆಯ ಅಂದಾಜು, ನದಿಯ ಹರಿವು, ಭರತ ಇಳಿತಗಳ ಲೆಕ್ಕ ಮೂರೂ ಈಗಾಗಲೇ ಲಭ್ಯವಿವೆ. ಅವನ್ನು ಸೇರಿಸಿ ಪಂಜರದ ಮೀನುಗಾರನ ಫೋನಿಗೆ ತಲುಪಿಸುವುದು ದುಬಾರಿಯ ಕೆಲಸವೇನಲ್ಲ.

ಎಲ್ಲ ಮಾದರಿಗಳಿಗೂ ಒಂದು ಕುಂದು ಇದೆ. ಅವು ಹಿಂದೆ ನಡೆದದ್ದರಿಂದ ಕಲಿಯುತ್ತವೆ, ಕಡಲು ಈಗ ಹಿಂದೆಂದೂ ಇಲ್ಲದಂತೆ ವರ್ತಿಸುತ್ತಿದೆ. 2014ರಿಂದ 2016ರವರೆಗೆ ಉತ್ತರ ಪೆಸಿಫಿಕ್‌ನಲ್ಲಿ ಬಿಸಿನೀರಿನ ಭಾರೀ ಹರವು ನಿಂತಿತು. ತಣ್ಣೀರು ದಡದ ಪಕ್ಕದ ಕಿರಿದಾದ ಪಟ್ಟಿಗೆ ಸೀಮಿತವಾಗಿ, ಆಹಾರ ಹುಡುಕಿಕೊಂಡು ತಿಮಿಂಗಿಲಗಳೂ ಅಲ್ಲಿಗೇ ಬಂದವು. ಅದೇ ಹೊತ್ತಿಗೆ ವಿಷಪಾಚಿಯಿಂದಾಗಿ ಕ್ಯಾಲಿಫೋರ್ನಿಯಾದ ಏಡಿ ಹಿಡಿಯುವ ಋತು ತಿಂಗಳುಗಟ್ಟಲೆ ಮುಂದಕ್ಕೆ ಹೋಯಿತು. ಏಡಿಬುಟ್ಟಿಗಳು ನೀರಿಗಿಳಿದದ್ದು ತಿಮಿಂಗಿಲಗಳು ಬಂದ ಮೇಲೆ. ಹಗ್ಗಕ್ಕೆ ಸುತ್ತಿಕೊಂಡ ತಿಮಿಂಗಿಲಗಳ ಸಂಖ್ಯೆ ದಾಖಲೆ ಮಟ್ಟಕ್ಕೆ ಏರಿತು. ಬಿಸಿನೀರನ್ನು ಉಪಗ್ರಹಗಳು ತೋರಿಸುತ್ತಲೇ ಇದ್ದವು. ತಿಮಿಂಗಿಲ, ಏಡಿ, ಪಾಚಿ ಮೂರೂ ಒಂದೇ ಪಟ್ಟಿಯಲ್ಲಿ ಸಂಧಿಸುತ್ತವೆ ಎಂಬುದನ್ನು ಮಾತ್ರ ಮೊದಲೇ ಕೂಡಿಸಿ ನೋಡಿದವರಿರಲಿಲ್ಲ. ಈಗ ಅಲ್ಲಿ ತಿಮಿಂಗಿಲಗಳ ಇರುವಿಕೆಯನ್ನೂ ಕಡಲಿನ ಸ್ಥಿತಿಯನ್ನೂ ನೋಡಿಯೇ ಏಡಿ ಋತುವನ್ನು ತೆರೆಯುವ, ಮುಚ್ಚುವ ತೀರ್ಮಾನ ಆಗುತ್ತದೆ.

ಇನ್ನೊಂದು ಕೊರತೆ ಅಳತೆಯದು. ಅರಬ್ಬೀ ಸಮುದ್ರದ ಪೂರ್ವ ಅಂಚಿನಲ್ಲಿ ಮುಂಗಾರಿನ ನಂತರ ಆಮ್ಲಜನಕ ತೀರಾ ಕಡಿಮೆಯಿರುವ ನೀರು ತಳದ ಮೇಲೆ ದಡದವರೆಗೂ ಹಬ್ಬುತ್ತದೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 2000ದಲ್ಲೇ ಇದರ ತೀವ್ರತೆಯನ್ನು ಜಗತ್ತಿನ ಗಮನಕ್ಕೆ ತಂದರು. ತಳದಲ್ಲಿ ಬದುಕುವ ಮೀನು, ಸಿಗಡಿ ಎಲ್ಲಿ ಸರಿಯುತ್ತವೆ ಎಂಬುದನ್ನು ಅದೇ ನಿರ್ಧರಿಸುತ್ತದೆ. ಮೇಲಿನಿಂದ ನೋಡುವ ಉಪಗ್ರಹಕ್ಕೆ ಆ ನೀರು ಕಾಣುವುದಿಲ್ಲ, ಆರ್ಗೋ ಯಂತ್ರಗಳು ಅಷ್ಟು ಆಳವಿಲ್ಲದ ದಡದ ಬಳಿಗೆ ಬರುವುದಿಲ್ಲ. ಇಂಥದೇ ಕೊರತೆಯನ್ನು ಅಮೆರಿಕದ ಈಶಾನ್ಯ ಕರಾವಳಿಯಲ್ಲಿ ಲಾಬ್‌ಸ್ಟರ್ ಹಿಡಿಯುವವರು 2001ರಿಂದ ತಮ್ಮ ಬೋನುಗಳಿಗೆ ಉಷ್ಣಮಾಪಕ ಕಟ್ಟಿ ನೀಗಿಸುತ್ತ ಬಂದಿದ್ದಾರೆ. ನ್ಯೂಜಿಲೆಂಡ್‌ನ ಮೋಆನಾ ಯೋಜನೆಯಲ್ಲಿ ಬಲೆಗೆ ಕಟ್ಟಿದ ಪುಟ್ಟ ಸೆನ್ಸರ್ ಬಲೆ ಮೇಲೆ ಬಂದೊಡನೆ ತಳದ ಉಷ್ಣತೆಯನ್ನು ದಡಕ್ಕೆ ರವಾನಿಸಿತು; ಅದರಿಂದ ತಿದ್ದಿದ ಮುನ್ಸೂಚನೆ ಅದೇ ದೋಣಿಗಳಿಗೆ ಮರಳಿತು. ಮಂಗಳೂರು, ಮಲ್ಪೆ, ಕಾರವಾರಗಳಿಂದ ವರ್ಷದ ಹತ್ತು ತಿಂಗಳು ಹೊರಡುವ ಟ್ರಾಲ್ ಬೋಟುಗಳ ಬಲೆ ದಿನವೂ ಮುಟ್ಟುವುದು ಯಾವ ಉಪಕರಣವೂ ಅಳೆಯದ ಆ ತಳವನ್ನೇ. ಅವುಗಳಲ್ಲಿ ನೂರು ಬೋಟುಗಳು ಆಮ್ಲಜನಕದ ಸೆನ್ಸರ್ ಹೊತ್ತು ಹೋದರೂ, ಉಸಿರುಗಟ್ಟಿದ ನೀರು ಯಾವ ವಾರ ಎಲ್ಲಿಗೆ ಹಬ್ಬಲಿದೆ ಎಂದು ಹೇಳಲು ಮಾದರಿಗಳಿಗೆ ಬೇಕಾದ ಅಳತೆ ಸಿಗತೊಡಗುತ್ತದೆ.